ಚೆಕಿಂಗ್‌ನವನ ಸುಳ್ಳು ದೂರು

ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವರನ್ನು ಯಾರೂ ಪ್ರೀತಿಯಿಂದ ಬರಮಾಡಿಕೊಳ್ಳುವುದಿಲ್ಲ. ಟಿಕೆಟ್ ಇದ್ದವನೂ ಅವರನ್ನು ಕಂಡರೆ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಈ ಕಥೆಯ ಮನುಷ್ಯ ಆಯುಷ್ಯದ ಮುಕ್ಕಾಲು ಪಾಲನ್ನು ಹೀಗೆ ಊರವರ ಜೇಬು ಮುಟ್ಟಿಸುತ್ತಲೇ ಕಳೆದವನು. ಬೀದಿಯಲ್ಲಿ ಅವನಿಗೆ ಚೆಕಿಂಗ್ ಅಂತಲೇ ಹೆಸರು. ಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದವರು ನಿವೃತ್ತನಾದ ಮೇಲೆ ಎದುರಿಗೇ ಕರೆಯತೊಡಗಿದರು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನಿವೃತ್ತಿಯಾದದ್ದು ಅವನ ಸಮವಸ್ತ್ರಕ್ಕೆ, ಕಣ್ಣಿಗಲ್ಲ.

ಅವನಿಗೆ ಅನುಮಾನ ಬಾರದ ವಸ್ತು ಮನೆಯಲ್ಲಿರಲಿಲ್ಲ. ಹಾಲಿಗೆ ನೀರು ಬೆರೆಸಿದ್ದಾರೆಂದು ಅನುಮಾನ. ಬೆರೆಸಿಲ್ಲವೆಂದು ಖಾತ್ರಿಯಾದ ದಿನ, ಇವತ್ತು ಯಾಕೆ ಬೆರೆಸಲಿಲ್ಲ ಎಂದು ಇನ್ನೂ ದೊಡ್ಡ ಅನುಮಾನ. ಪಕ್ಕದ ಮನೆಯವರು ಕಂಡಾಗ ನಕ್ಕರೆ ಏನೋ ಬೇಕಾಗಿದೆ, ನಗದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕಿಟಕಿ ಪರದೆಗಳನ್ನು ಹೊಲಿಯುತ್ತಿದ್ದಳು. ಊರಿನ ಅರ್ಧ ಕಿಟಕಿಗಳ ಅಳತೆ ಅವಳ ನಾಲಿಗೆಯ ತುದಿಯಲ್ಲಿತ್ತು, ಹಾಗಾಗಿ ಅವಳು ಎಲ್ಲರಿಗೂ ಪರದೆಯಕ್ಕ. ಊರವರು ಮುಚ್ಚಿಟ್ಟದ್ದನ್ನು ಬಯಲಿಗೆಳೆಯುವವನು ಗಂಡ, ಬಯಲಿಗೆ ಕಾಣುವುದನ್ನು ಮುಚ್ಚಿಕೊಡುವವಳು ಹೆಂಡತಿ. ಸಂಸಾರ ಹೇಗೋ ನಡೆದುಕೊಂಡು ಬಂದಿತ್ತು.

"ಹೆಣ್ಣು ನೋಡೋಕೆ ಬಂದಾಗ ಇವರು ನನ್ನ ನಿಜವಾದ ವಯಸ್ಸು ಎಷ್ಟು ಅಂತ ನಮ್ಮ ಚಿಕ್ಕಮ್ಮನ್ನ ಬೇರೆ, ಸೋದರಮಾವನ್ನ ಬೇರೆ ಕರ್ಕೊಂಡು ಹೋಗಿ ಕೇಳಿದ್ರು," ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. "ಇಬ್ಬರೂ ಒಂದೇ ಉತ್ತರ ಕೊಟ್ಟರು. ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಅದಕ್ಕೂ ಅನುಮಾನ ಪಟ್ಟರು."

ಅವನ ವಿದ್ಯೆಯೆಲ್ಲ ಮುಖ ಓದುವುದರಲ್ಲಿತ್ತು. ಪ್ರಯಾಣಿಕರದ್ದು ಸುಲಭ, ಕಷ್ಟವಿದ್ದದ್ದು ಕಂಡಕ್ಟರರದ್ದು. ಟಿಕೆಟ್ ಕೊಡದೆ ಕಾಸು ಜೇಬಿಗಿಳಿಸುವ ಪಳಗಿದ ಕಂಡಕ್ಟರನನ್ನು ಹಿಡಿಯಲು ಅವನು ಒಂದು ಉಪಾಯ ಕಂಡುಕೊಂಡಿದ್ದ. ಬಸ್ಸು ಹತ್ತಿದವನೇ ಕಂಡಕ್ಟರನ ಕಿವಿಯ ಹತ್ತಿರ ಬಗ್ಗಿ, "ಹಿಂದಿನ ಸ್ಟಾಪಲ್ಲಿ ಇಳಿದವರು ನಿನ್ನ ಮೇಲೆ ದೂರು ಕೊಟ್ಟಿದ್ದಾರೆ," ಎನ್ನುತ್ತಿದ್ದ. ಯಾರೂ ಕೊಟ್ಟಿರುತ್ತಿರಲಿಲ್ಲ. ಪ್ರಾಮಾಣಿಕನಾದವನು ಉರಿದು ಬೀಳುತ್ತಿದ್ದ, ಯಾರು, ಕರೀರಿ ಅವರನ್ನ ಎಂದು ಮೈಮೇಲೆ ಬರುತ್ತಿದ್ದ. ಕಳ್ಳನಾದವನು ಮಾತ್ರ ಬೆಣ್ಣೆಯಾಗುತ್ತಿದ್ದ. ಈ ಉಪಾಯ ಕೈಕೊಟ್ಟದ್ದೇ ಇಲ್ಲ ಎಂದು ಅವನಿಗೆ ಭಾರಿ ಹೆಮ್ಮೆ. ಉರಿದು ಬೀಳುವುದನ್ನು ಕಲಿತುಕೊಂಡ ಕಳ್ಳರು ಎಷ್ಟು ಜನ ಪಾರಾದರೋ, ಆ ಲೆಕ್ಕ ಅವನಿಗೆ ಹೇಗೆ ಸಿಗಬೇಕು.

ಪರದೆಯಕ್ಕನ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ ಎದ್ದಿತ್ತು. ಯಂತ್ರದ ಪೆಡಲು ತುಳಿದು ತುಳಿದು ಆದ ಕಲೆ ಎಂದು ಅವಳು ತಲೆಗೆ ಹಚ್ಚಿಕೊಳ್ಳಲಿಲ್ಲ. ಅದು ಚರ್ಮದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಬೇರು ಇಳಿದಿತ್ತು. ಕತ್ತರಿಸಿ ತೆಗೆದರು, ಮರಳಿ ಬಂತು. ಮದ್ದು ಹಾಕಿದರು, ಜಗ್ಗಲಿಲ್ಲ. ಇನ್ನೊಂದು ಮದ್ದಿಗೆ ಕುಗ್ಗಿತು, ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು, ಅಷ್ಟರಲ್ಲಿ ಮೀನಖಂಡದ ಮೇಲೆ ಅವರೆಕಾಳಿನಷ್ಟು ಗಡ್ಡೆಗಳು ಸಾಲಾಗಿ ಎದ್ದು ನಿಂತವು. ಅಷ್ಟೂ ದಿನ ಚೆಕಿಂಗ್ ಒಬ್ಬ ವೈದ್ಯರು ಬರೆದ ಮದ್ದನ್ನು ಇನ್ನೊಬ್ಬರಿಗೆ ತೋರಿಸಿ, ಮೂರನೆಯವರಲ್ಲಿ ಕೇಳಿ, ಯಾರನ್ನೂ ನಂಬದೆ, ಎಲ್ಲವನ್ನೂ ಹೆಂಡತಿಗೆ ನುಂಗಿಸಿದ್ದ. ಅವಳಿಲ್ಲದ ಮನೆಯನ್ನು ನೆನೆಯಲೂ ಅವನಿಗೆ ಆಗುತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೊಸದೊಂದು ಪ್ರಯೋಗದ ಮಾತೆತ್ತಿದಳು.

"ಕೆಲವರಿಗೆ ತುಟಿ ಅಂಚಲ್ಲಿ ಗುಳ್ಳೆ ಏಳುತ್ತಲ್ಲ, ಅದನ್ನ ತರೋ ವೈರಸ್ಸೇ ಇದು. ಅದರ ಹಲ್ಲು ಕಿತ್ತು, ಕ್ಯಾನ್ಸರ್ ಕಣದ ಒಳಗೆ ಮಾತ್ರ ಚೆನ್ನಾಗಿ ಬೆಳೆಯೋ ಹಾಗೆ ಬದಲಾಯಿಸಿದ್ದಾರೆ. ನೇರವಾಗಿ ಗಡ್ಡೆಗೇ ಚುಚ್ಚುತೀವಿ. ಅದು ಬೆಳೆದು ಆ ಕಣಗಳನ್ನ ಒಡೆಯುತ್ತೆ. ಒಡೆದಾಗ ಮೈಯ ಕಾವಲು ಪಡೆ ಎಚ್ಚೆತ್ತು ಮಿಕ್ಕ ಗಡ್ಡೆಗಳ ಮೇಲೂ ಬೀಳಬಹುದು ಅಂತ ಒಂದು ಆಸೆ."

"ಆಸೆನಾ? ಖಾತ್ರಿ ಇಲ್ವಾ?" ಎಂದ ಚೆಕಿಂಗ್.

"ಇಲ್ಲ. ಮನುಷ್ಯರಿಗೆ ಕೊಡೋಕೆ ಶುರು ಮಾಡಿರೋದೇ ಈಗ. ಎಷ್ಟು ಕೊಟ್ಟರೆ ಮೈ ತಡಕೊಳ್ಳುತ್ತೆ ಅಂತ ನೋಡೋದೇ ಸದ್ಯದ ಕೆಲಸ. ಮೊದಲ ಗುಂಪಿಗೆ ತೀರ ಕಡಿಮೆ. ಅವರಿಗೆ ತೊಂದರೆ ಆಗದಿದ್ದರೆ ಮುಂದಿನ ಗುಂಪಿಗೆ ಸ್ವಲ್ಪ ಜಾಸ್ತಿ. ನಿಮ್ಮ ಮನೆಯವರು ಮೊದಲ ಗುಂಪು. ಇದರಿಂದ ಗುಣ ಆಗುತ್ತೆ ಅಂತ ನಾನು ಮಾತು ಕೊಡಲ್ಲ."

ಚೆಕಿಂಗ್‌ನ ಕಿವಿ ನೆಟ್ಟಗಾಯಿತು. ಸಾಮಾನ್ಯ ಮೋಸಗಾರ ಭರವಸೆ ಕೊಡುತ್ತಾನೆ. ಭರವಸೆ ಕೊಡದೆಯೇ ನಂಬಿಸಹೊರಟವರು ಅದೆಷ್ಟು ಪಳಗಿದವರಿರಬೇಕು! ಪಕ್ಕದಲ್ಲಿ ನಿಂತಿದ್ದ ನರ್ಸ್ ಬೇರೆ ಸುಮ್ಮಸುಮ್ಮನೆ ನಗುತ್ತಿದ್ದಳು. ಒಳಗೆ ಬರುವಾಗ ನಕ್ಕಿದ್ದಳು, ಕುರ್ಚಿ ಎಳೆದುಕೊಡುವಾಗ ನಕ್ಕಿದ್ದಳು, ಈಗಲೂ ನಗುತ್ತಿದ್ದಾಳೆ. ಆವತ್ತಿನಿಂದ ಅವಳು ಅವನ ಲೆಕ್ಕದಲ್ಲಿ ನಗುವ ನರ್ಸ್ ಆದಳು, ಮತ್ತು ಅದು ಹೊಗಳಿಕೆಯಾಗಿರಲಿಲ್ಲ.

ಮನೆಗೆ ಬಂದವನೇ ಶುರುಮಾಡಿದ. "ಇರೋ ರೋಗ ಸಾಲದು ಅಂತ ಇನ್ನೊಂದು ರೋಗ ಹಚ್ಚುತಾರಂತೆ. ನಮ್ಮ ಕಿವಿ ಮೇಲೆ ಹೂ ಇಡೋಕೆ ನೋಡ್ತಿದ್ದಾರೆ ಕಣೇ."

ಪರದೆಯಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ನಾನು ಹಾಕಿಸ್ಕೊಳ್ತೀನಿ."

"ಅವಳೇ ಹೇಳಿದಳಲ್ಲ, ಮೊದಲ ಗುಂಪಿಗೆ ಕೊಡೋದು ತೀರ ಕಡಿಮೆ ಅಂತ. ನೀನು ಬೇರೆಯವರಿಗೆ ಮೆಟ್ಟಿಲಾಗ್ತೀಯ ಅಷ್ಟೆ."

"ಆಗ್ತೀನಿ. ಸುಮ್ಮನೆ ಕೂತು ಕಾಲು ನೋಡ್ಕೊಳ್ಳೋದಕ್ಕಿಂತ ಅದು ವಾಸಿ. ನನಗೂ ಒಂದು ಚೂರು ಆಗಬಹುದು, ಯಾರಿಗೆ ಗೊತ್ತು."

ಅವಳು ಹಟ ಹಿಡಿದರೆ ಯಾವ ಚೆಕಿಂಗೂ ನಡೆಯುತ್ತಿರಲಿಲ್ಲ. ಸೋತವನು ಒಂದು ಷರತ್ತು ಹಾಕಿದ. "ಸರಿ. ಆದರೆ ಒಂದೇ ಒಂದು ಸಲ ಮೈ ಬಿಸಿ ಆಗಲಿ, ಅವತ್ತೇ ನಿನ್ನನ್ನ ಅಲ್ಲಿಂದ ಬಿಡಿಸ್ಕೊಂಡು ಬರ್ತೀನಿ. ಡಾಕ್ಟರಮ್ಮ ಅಲ್ಲ, ಅವಳ ಅಮ್ಮ ಬಂದು ಹೇಳಿದರೂ ಕೇಳಲ್ಲ." ಸ್ವಲ್ಪ ಜ್ವರ, ಚಳಿ ಬರುವುದುಂಟು, ಬಂದರೆ ಫೋನ್ ಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅದೇ ಅವನಿಗೆ ಮುಂಚೆಯೇ ಕಟ್ಟಿಟ್ಟ ನೆಪದಂತೆ ಕೇಳಿಸಿತ್ತು. ಹೆಂಡತಿ ತಲೆಯಾಡಿಸಿದಳು.

ಪರದೆಯಕ್ಕ ಮೊದಲ ಸಲ ಚುಚ್ಚಿಸಿಕೊಂಡು ಬಂದ ದಿನ ಅವನು ತನ್ನ ಹಾಸಿಗೆ ಸುತ್ತಿಕೊಂಡು ಹಾಲ್‌ಗೆ ಬಂದುಬಿಟ್ಟ. ಗಾಯದ ಪಟ್ಟಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಿಚ್ಚಿದ್ದನ್ನು ಚೀಲದಲ್ಲಿ ಕಟ್ಟಿಡಿ, ಅಷ್ಟು ಸಾಕು ಎಂದಿದ್ದಳು ನಗುವ ನರ್ಸ್. ಅಷ್ಟೇ ಸಾಕೆಂದು ಅವಳು ಹೇಳಿದ್ದೇ ಅವನಿಗೆ ಸಾಲದಾಯಿತು. ವೈರಸ್ಸು ಗಾಳಿಯಲ್ಲಿ ಬಂದರೆ? ಅವನು ಕೋಣೆಯ ಬಾಗಿಲು ಎಳೆದುಕೊಂಡ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿದ. ಟಿವಿಯನ್ನು ಜೋರಾಗಿ ಹಾಕಿಕೊಂಡು ಕೂತ. ಊಟದ ತಟ್ಟೆಯನ್ನು ಬಾಗಿಲಲ್ಲಿಟ್ಟು, ಹುಷಾರಾಗಿದ್ದೀಯಾ ಎಂದು ಹೊರಗಿನಿಂದಲೇ ಕೂಗುತ್ತಿದ್ದ. ಹುಷಾರಾಗಿದ್ದೀನಿ ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಆಸ್ಪತ್ರೆಯಿಂದ ಫೋನ್ ಬಂದಾಗ ಮಾತ್ರ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತು, ಸ್ಪೀಕರ್ ಹಾಕು ಎನ್ನುತ್ತಿದ್ದ. ಅವರು ಏನು ಕೇಳುತ್ತಾರೆ, ಏನು ಕೇಳುವುದಿಲ್ಲ, ಎಲ್ಲ ಅವನಿಗೆ ಗೊತ್ತಾಗಬೇಕು.

"ಜ್ವರ ಏನಾದರೂ?" ಎನ್ನುತ್ತಿದ್ದಳು ನರ್ಸ್.

ಪರದೆಯಕ್ಕ ಹೊಸ್ತಿಲ ಕಡೆ ನೋಡಿ, "ಏನೂ ಇಲ್ಲಮ್ಮ," ಎನ್ನುತ್ತಿದ್ದಳು.

ಎರಡನೆಯ ಸಲ ಚುಚ್ಚಿಸಲು ಹೋದಾಗ ಕಾಯುವ ಕೋಣೆಯಲ್ಲಿ ಒಬ್ಬ ಪೇಂಟರ್ ಪಕ್ಕದಲ್ಲಿ ಕೂತ. ಗೋಡೆಗೆ ಬಣ್ಣ ಬಳಿಯುವವನು. ಉಗುರ ಸಂದಿಯಲ್ಲಿ ಇನ್ನೂ ಹಸಿರು ಉಳಿದಿತ್ತು. ಬೆನ್ನ ಮೇಲೆ ಎದ್ದ ಇಂಥದ್ದೇ ಗಡ್ಡೆ, ಅವನಿಗೂ ಎಲ್ಲ ಮದ್ದು ಮುಗಿದಿತ್ತು. ಚೆಕಿಂಗ್ ಬಿಟ್ಟಾನೆಯೇ, ಕೆದಕಿದ. ಪೇಂಟರ್ ಎರಡನೆಯ ಗುಂಪಿನ ಮೊದಲನೆಯವನು. ಇವತ್ತೇ ಶುರು.

"ನಿಮಗೆ ಜಾಸ್ತಿ ಕೊಡ್ತಾರೆ, ಅಲ್ವಾ?"

"ಹೌದಂತೆ. ಮುಂಚೆ ಹಾಕಿಸ್ಕೊಂಡವರಿಗೆ ಏನೂ ಆಗಿಲ್ಲ, ಅದಕ್ಕೆ ನಮ್ಮ ಸರದಿ ಬಂತು ಅಂದ್ರು. ಅವರ ಹೊಟ್ಟೆ ತಣ್ಣಗಿರಲಿ." ಪೇಂಟರ್‌ನನ್ನು ಒಳಗೆ ಕರೆದರು. ಹೋಗುವಾಗ ಅವನು ಚೀಲವನ್ನು ನೋಡಿಕೊಳ್ಳಿ ಎಂದು ಚೆಕಿಂಗ್‌ನ ಕಾಲ ಬಳಿ ಇಟ್ಟ. ಅಪರಿಚಿತನ ಬಳಿ ಚೀಲ ಬಿಟ್ಟು ಹೋಗುವ ಇವನು ಎಂಥ ಪೆದ್ದ ಎಂದುಕೊಂಡ ಚೆಕಿಂಗ್.

ಮತ್ತೆ ಅವನ ತಲೆಯೊಳಗೆ ಹುಳ ಕೊರೆಯತೊಡಗಿತು. ಏನೂ ಆಗಿಲ್ಲ ಎನ್ನುತ್ತಾರೆ. ಯಾರಿಗಾದರೂ ಆಗಿದ್ದರೆ ಇವರು ಹೇಳುತ್ತಾರೆಯೇ? ಮುಚ್ಚಿಹಾಕಿ ಮುಂದಿನ ಗುಂಪಿಗೆ ಚುಚ್ಚುವುದಿಲ್ಲವೆಂದು ಏನು ಗ್ಯಾರಂಟಿ? ಪರದೆಯಕ್ಕನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಅದೇ ಹೊತ್ತಿಗೆ ನಗುವ ನರ್ಸ್ ನಗುತ್ತ ಎದುರಿಗೆ ಬಂದಳು. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ಕೇಳದೆಯೇ ಕೆಲಸ ಮಾಡುತ್ತದೆ. ಚೆಕಿಂಗ್ ಎದ್ದು ಅವಳ ಕಿವಿಯ ಹತ್ತಿರ ಬಗ್ಗಿದ.

"ನಮ್ಮವಳು ನಿಮಗೆ ಹೇಳಿಲ್ಲ. ಹೋದ ಸಲ ಚುಚ್ಚಿಸ್ಕೊಂಡು ಬಂದ ಸಂಜೆ ಕೆಂಡದಂಥ ಜ್ವರ. ಗಡಗಡ ನಡುಗಿದಳು. ವಾಂತಿ ಮಾಡ್ಕೊಂಡಳು. ಆಮೇಲೆ ಪ್ರಜ್ಞೆನೇ ಇರಲಿಲ್ಲ, ಕೂಗಿದರೂ ಏಳಲಿಲ್ಲ."

ಅಷ್ಟು ಹೇಳಿ ಅವಳ ಮುಖ ನೋಡುತ್ತ ನಿಂತ. ಈಗ ಬೆಣ್ಣೆಯಾಗುತ್ತಾಳೆ, ಅದೆಲ್ಲ ಸಾಮಾನ್ಯ, ಯಾರಿಗೂ ಹೇಳಬೇಡಿ ಎನ್ನುತ್ತಾಳೆ. ಆಗ ಇಡೀ ಆಸ್ಪತ್ರೆಯ ಬಣ್ಣ ಬಯಲು.

ನರ್ಸಿನ ನಗು ಬಿದ್ದುಹೋಯಿತು. "ಪ್ರಜ್ಞೆ ಎಷ್ಟು ಹೊತ್ತು ಇರಲಿಲ್ಲ?" ಎಂದಳು. ಅವನು ತಡವರಿಸಿ ಸುಮಾರು ಹೊತ್ತು ಎಂದ. ಅವಳು ತಿರುಗಿ ಓಡಿದಳು. ಗಾಜಿನ ಬಾಗಿಲಾಚೆ ಅವಳು ಫೋನ್ ಹಿಡಿದು ಮಾತಾಡುವುದು ಕಾಣುತ್ತಿತ್ತು. ಡಾಕ್ಟರಮ್ಮ ಬಿರಬಿರನೆ ಬಂದಳು. ಚುಚ್ಚುವ ಕೋಣೆಯ ಬಾಗಿಲು ತೆರೆಯಿತು, ಮುಚ್ಚಿತು. ಚೆಕಿಂಗ್‌ಗೆ ಒಂದು ಗಳಿಗೆ ಹಳೆಯ ಹುರುಪು ಉಕ್ಕಿತು. ಸಿಕ್ಕಿಬಿದ್ದರು! ಕೈಕಾಲು ಬಿಟ್ಟಿದ್ದಾರೆ ನೋಡು!

ಬಾಗಿಲು ತೆರೆದು ಪೇಂಟರ್ ಹೊರಗೆ ಬಂದ. ಆಸ್ಪತ್ರೆಯ ಅಂಗಿ ಬಿಚ್ಚಿ ತನ್ನದನ್ನು ಹಾಕಿಕೊಂಡಿದ್ದ, ಗುಂಡಿಗಳು ಮೇಲೆ ಕೆಳಗೆ ಆಗಿದ್ದವು. ಬೆನ್ನಿಗೆ ಹಚ್ಚಿದ್ದ ಮದ್ದಿನ ವಾಸನೆ ಬರುತ್ತಿತ್ತು.

"ಏನಾಯ್ತು?" ಎಂದ ಚೆಕಿಂಗ್.

"ಇವತ್ತಿಲ್ಲವಂತೆ. ಮೊದಲ ಗುಂಪಿನವರು ಯಾರಿಗೋ ಪ್ರಜ್ಞೆ ತಪ್ಪಿತ್ತಂತೆ. ಯಾರಿಗೂ ಕೊಡಬೇಡಿ ಅಂತ ಎಲ್ಲ ನಿಲ್ಲಿಸಿಬಿಟ್ಟರು. ಸೂಜಿ ಹಿಡ್ಕೊಂಡು ನಿಂತಿದ್ದರು, ಕೆಳಗಿಟ್ಟರು." ಅವನು ಚೀಲ ಎತ್ತಿಕೊಂಡ. "ಮತ್ತೆ ಯಾವಾಗ ಅಂತ ಅವರಿಗೂ ಗೊತ್ತಿಲ್ಲ. ಅಲ್ಲೀವರೆಗೂ ಇದು ಸುಮ್ಮನೆ ಕೂರಬೇಕಲ್ಲ." ಬೆನ್ನು ತೋರಿಸಿದ. ಎರಡು ಹೆಜ್ಜೆ ಹೋದವನು ನಿಂತು ತಿರುಗಿದ. "ಪಾಪ, ಅವರಿಗೇನೂ ಆಗಿಲ್ಲ ತಾನೆ? ಬದುಕಿದ್ದಾರೆ ತಾನೆ?"

ಬದುಕಿದ್ದಾರೆ ಎಂಬಂತೆ ಚೆಕಿಂಗ್ ತಲೆಯಾಡಿಸಿದ. ಅವನ ಜೀವಮಾನದಲ್ಲಿ ಯಾವ ಕಂಡಕ್ಟರನೂ ಸುಳ್ಳು ದೂರನ್ನು ನಂಬಿ ಬಸ್ಸನ್ನೇ ನಿಲ್ಲಿಸಿರಲಿಲ್ಲ. ಎಲ್ಲ ನಿಲ್ಲಿಸಿದ್ದಾರೆ ಎಂದರೆ ಹೆಂಡತಿಯದೂ ನಿಂತಿತು. ಅವಳ ಕಾಲಿನ ಮೇಲಿನ ಗಡ್ಡೆಗಳಿಗೆ ಬೇರೆ ಯಾವ ಮದ್ದೂ ಉಳಿದಿರಲಿಲ್ಲ.

ಅಷ್ಟರಲ್ಲಿ ಕರೆ ಬಂತು. ಒಳಗೆ ಡಾಕ್ಟರಮ್ಮ, ನರ್ಸ್, ಕುರ್ಚಿಯಲ್ಲಿ ಪರದೆಯಕ್ಕ. ಅವಳ ಮೊಣಕೈಯಲ್ಲಿ ರಕ್ತ ತೆಗೆದ ಜಾಗಕ್ಕೆ ಹತ್ತಿ ಒತ್ತಿದ್ದರು. ಡಾಕ್ಟರಮ್ಮ ನೇರವಾಗಿ ಕೇಳಿದಳು: "ಹೋದ ಸಲ ಜ್ವರ ಬಂದಿತ್ತಂತಲ್ಲ, ನಿಮ್ಮ ಯಜಮಾನರು ಹೇಳಿದರು. ಫೋನಲ್ಲಿ ಯಾಕೆ ಹೇಳಲಿಲ್ಲ?"

ಈಗ ಅವಳು ಇಲ್ಲವೆನ್ನುತ್ತಾಳೆ, ತಾನು ಎಲ್ಲರ ಮುಂದೆ ಸುಳ್ಳುಗಾರನಾಗುತ್ತೇನೆ ಎಂದು ಚೆಕಿಂಗ್ ಕಾದ. ಆದರೆ ಪರದೆಯಕ್ಕನ ಮುಖ ಕೆಂಪಗಾಯಿತು. ಅವಳು ಡಾಕ್ಟರಮ್ಮನನ್ನು ಬಿಟ್ಟು ಗಂಡನ ಕಡೆ ತಿರುಗಿದಳು.

"ನೋಡಿಬಿಟ್ಟಿದ್ರಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಡಾಕ್ಟರಮ್ಮನ ಕಡೆ ತಿರುಗಿದಳು.

"ಬಂದಿತ್ತು ಡಾಕ್ಟರಮ್ಮ," ಎಂದಳು ಅವಳು ತಲೆ ತಗ್ಗಿಸಿ. "ಸಂಜೆ ಹಲ್ಲು ಕಟಕಟ ಅನ್ನೋ ಅಷ್ಟು ಚಳಿ. ಸದ್ದು ಕೇಳಿಸಿದರೆ ಇವರು ನನ್ನನ್ನ ಬಿಡಿಸ್ಕೊಂಡು ಹೋಗಿಬಿಡ್ತಾರೆ ಅಂತ ಪರದೆ ಬಟ್ಟೆ ಕಚ್ಚಿಕೊಂಡು ಮಲಗಿದ್ದೆ. ಫೋನ್ ಬಂದಾಗಲೂ ಹೊಸ್ತಿಲಲ್ಲೇ ನಿಂತಿರ್ತಿದ್ದರು, ಹೇಗೆ ಹೇಳಲಿ? ಟಿವಿ ಜೋರಾಗಿತ್ತು, ಇವರಿಗೆ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ." ಮತ್ತೆ ಗಂಡನನ್ನು ನೋಡಿದಳು. ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಹಾಗೆ ನೋಡಿದ್ದಳು, ಆಮೇಲೆ ಅದು ಸಂಸಾರದ ಗಲಾಟೆಯಲ್ಲಿ ಎಲ್ಲೋ ಕಳೆದುಹೋಗಿತ್ತು. "ಟವೆಲ್ ತುರುಕಿ, ಬಾಗಿಲು ಹಾಕ್ಕೊಂಡು ಕೂತರಲ್ಲ ಅಂತ ನನಗೆ ಎಷ್ಟು ಸಂಕಟ ಆಗಿತ್ತು ಗೊತ್ತಾ? ನೀವು ಬಂದು ನೋಡಿದ್ದು ನನಗೆ ತಿಳೀಲೇ ಇಲ್ಲ ಕಣ್ರೀ."

"ಪ್ರಜ್ಞೆ ತಪ್ಪಿತ್ತಾ?" ಎಂದಳು ಡಾಕ್ಟರಮ್ಮ. "ಚಳಿ ಜ್ವರ ಬರುತ್ತೆ ಅಂತ ನಾವೇ ಹೇಳಿದ್ವಿ. ಆದರೆ ಪ್ರಜ್ಞೆ ತಪ್ಪಿದ್ದರೆ ನಿಮಗೆ ಇನ್ನು ಇದನ್ನ ಕೊಡೋಕಾಗಲ್ಲ. ಬೇರೆಯವರಿಗೆ ಕೊಡೋದನ್ನೂ ಯೋಚನೆ ಮಾಡಬೇಕಾಗುತ್ತೆ."

ಪರದೆಯಕ್ಕ ತುಸು ಯೋಚಿಸಿದಳು. "ನನಗೆ ನಿದ್ದೆ ಹತ್ತಿತು ಅಂತ ನೆನಪು. ಆದರೆ ಪ್ರಜ್ಞೆ ತಪ್ಪಿದರೆ ತಪ್ಪಿದವಳಿಗೆ ಹೇಗೆ ಗೊತ್ತಾಗುತ್ತೆ? ಇವರು ನೋಡಿದ್ದಾರಲ್ಲ. ಇವರು ಹೇಳಿದ್ದೇ ಸರಿ ಇರಬೇಕು."

ಇಡೀ ಊರಿನಲ್ಲಿ ಅವನ ಮಾತನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿಕೊಂಡ ಒಂದೇ ಒಂದು ಜೀವ ಅದು. ಚೆಕಿಂಗ್ ಅವಳ ಮುಖ ನೋಡಿದ. ಹೂಂ, ಬಂದು ನೋಡಿದ್ದೆ, ಆದರೆ ಪ್ರಜ್ಞೆ ಇತ್ತು, ನಾನು ಗಾಬರಿಯಲ್ಲಿ ಹೆಚ್ಚು ಹೇಳಿದೆ ಎಂದುಬಿಟ್ಟರೆ ಆ ನೋಟವೂ ಉಳಿಯುತ್ತಿತ್ತು, ಮದ್ದೂ ಉಳಿಯುತ್ತಿತ್ತು. ಆ ಮಾತು ತುಟಿಯವರೆಗೆ ಬಂತು ಕೂಡ. ಆದರೆ ನೋಡಿದೆ ಎಂದ ಮೇಲೆ ಡಾಕ್ಟರಮ್ಮ ಬಿಡುವುದಿಲ್ಲ: ಎಷ್ಟು ಹೊತ್ತು ನಡುಗಿದಳು, ಮಾತಾಡಿದಳೇ, ಕಣ್ಣು ಬಿಟ್ಟಳೇ. ಪ್ರತಿಯೊಂದಕ್ಕೂ ಅವನು ಕಟ್ಟಬೇಕು. ಅವನು ಕಟ್ಟಿದ್ದನ್ನು ನಂಬಿ ಅವರು ಅವಳ ಕಾಲಿಗೆ, ಆ ಪೇಂಟರ್‌ನ ಬೆನ್ನಿಗೆ ಚುಚ್ಚುತ್ತಾರೆ.

"ನಾನು ನೋಡಿಲ್ಲ," ಎಂದ.

"ಏನು?" ಎಂದಳು ಡಾಕ್ಟರಮ್ಮ.

"ಏನೂ ನೋಡಿಲ್ಲ. ಜ್ವರ, ವಾಂತಿ, ಪ್ರಜ್ಞೆ, ಎಲ್ಲ ನಾನೇ ಹುಟ್ಟಿಸಿ ಹೇಳಿದ್ದು. ನೀವು ಮುಚ್ಚಿಹಾಕ್ತೀರಾ ಅಂತ ಪರೀಕ್ಷೆ ಮಾಡೋಕೆ. ನಾನು ಹಾಲ್‌ನಲ್ಲಿದ್ದೆ. ಆ ಸಂಜೆ ಬಾಗಿಲು ತೆಗೆಯಲೇ ಇಲ್ಲ. ವೈರಸ್ಸು ನನಗೆ ಅಂಟೀತು ಅಂತ ಹೆದರಿಕೆ ಆಗಿತ್ತು."

ಡಾಕ್ಟರಮ್ಮನ ಕೋಪ ಇಳಿಯಲು ಬಹಳ ಹೊತ್ತು ಹಿಡಿಯಿತು. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. "ಒಬ್ಬರು ಬಂದ ಜ್ವರ ಮುಚ್ಚಿಟ್ಟಿರಿ, ಇನ್ನೊಬ್ಬರು ಬಾರದ ಕಾಯಿಲೆ ಹೇಳಿದಿರಿ. ನಿಮ್ಮ ಮನೆಯಿಂದ ಬಂದ ಒಂದು ಮಾತಿನ ಮೇಲೆ ಇನ್ನೊಬ್ಬರಿಗೆ ಎಷ್ಟು ಕೊಡಬೇಕು ಅಂತ ನಿರ್ಧಾರ ಮಾಡ್ತೀವಿ. ಇನ್ನು ನಾನು ಯಾರನ್ನ ನಂಬಲಿ?" ಎಂದಳು. ಪರದೆಯಕ್ಕ ಗಂಡನ ಕಡೆ ನೋಡುವುದನ್ನು ನಿಲ್ಲಿಸಿದ್ದಳು. ಹತ್ತಿಯನ್ನು ಒತ್ತಿ ಹಿಡಿದು ನೆಲ ನೋಡುತ್ತಿದ್ದಳು.

ಮತ್ತೆ ಎಲ್ಲ ಪರೀಕ್ಷೆ ಮಾಡಿದರು, ಮೇಲಿನವರಿಗೆ ವಿವರಣೆ ಕೊಟ್ಟರು. ಪ್ರಯೋಗ ಕೆಲವು ವಾರ ನಿಂತು ಮತ್ತೆ ಶುರುವಾಯಿತು. ಪೇಂಟರ್‌ಗೆ ಕರೆ ಹೋಯಿತು. ಅವನನ್ನು ಎದುರಿಸುವ ಧೈರ್ಯವಿಲ್ಲದೆ ಚೆಕಿಂಗ್ ಆ ದಿನ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಪರದೆಯಕ್ಕನ ಗಡ್ಡೆಗಳಲ್ಲಿ ಒಂದು ಮೆತ್ತಗಾದ ಹಾಗಿದೆ ಎಂದರು, ಉಳಿದವು ಇದ್ದ ಹಾಗೇ ಇದ್ದವು. ಇದರ ಅರ್ಥವೇನು ಎಂದರೆ ಗೊತ್ತಿಲ್ಲ ಎಂದಳು ಡಾಕ್ಟರಮ್ಮ. ಈ ಸಲ ಚೆಕಿಂಗ್ ಆ ಗೊತ್ತಿಲ್ಲದ ಹಿಂದೆ ಏನಿದೆ ಎಂದು ಹುಡುಕಲಿಲ್ಲ.

ಮನೆಯಲ್ಲಿ ಪರದೆಯಕ್ಕ ಅಷ್ಟೂ ದಿನ ಅವನೊಡನೆ ಬೇಕಾದಷ್ಟೇ ಮಾತಾಡಿದ್ದಳು. ಊಟ ಆಯ್ತಾ, ಲೈಟು ಆರಿಸಿ, ಅಷ್ಟೆ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಮತ್ತೆ ಚುಚ್ಚಿಸಿಕೊಂಡು ಬಂದ ಸಂಜೆ ಅವನು ಟಿವಿ ಹಾಕಲಿಲ್ಲ. ಕೋಣೆಯ ಬಾಗಿಲು ತೆಗೆದಿಟ್ಟು, ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಅವಳು ಗೋಡೆಯ ಕಡೆ ಮಗ್ಗುಲಾದಳು. ಬೀದಿ ದೀಪ ಹತ್ತುವ ಹೊತ್ತಿಗೆ ಅವಳ ಭುಜ ಅದುರತೊಡಗಿತು. ಅವನು ಎದ್ದು ಇನ್ನೊಂದು ಹೊದಿಕೆ ಹಾಕಿದ, ಅದರ ಮೇಲೆ ಮತ್ತೊಂದು ಹಾಕಿದ. ಹೊದಿಕೆಯ ಮೇಲಿಂದಲೇ ಅವಳ ಭುಜ ಹಿಡಿದು ಕೂತ. ಥರ್ಮಾಮೀಟರ್ ತಂದು ಅವಳ ನಾಲಿಗೆಯ ಕೆಳಗಿಟ್ಟ. ಅದು ಕೂಗಿದಾಗ ತೆಗೆದು ದೀಪಕ್ಕೆ ಹಿಡಿದು ನೋಡಿದ.

"ನೂರೊಂದು," ಎಂದ. "ನೂರೊಂದು ಇದೆ ಕಣೇ. ನರ್ಸ್‌ಗೆ ಫೋನ್ ಮಾಡಿ ಹೇಳ್ತೀನಿ."

ಪರದೆಯಕ್ಕ ನಡುಗುತ್ತಲೇ ಹೊದಿಕೆಯೊಳಗಿನಿಂದ ಕೈ ಚಾಚಿದಳು.

"ಕೊಡಿ ಇಲ್ಲಿ," ಎಂದಳು. "ನಾನೇ ನೋಡ್ತೀನಿ."

ಅವನು ಕೊಟ್ಟ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, ಅಂಕಿಯನ್ನು ಒಂದು ಸಲ, ಮತ್ತೊಂದು ಸಲ ಓದಿಕೊಂಡು, ಫೋನಿಗಾಗಿ ಕೈ ನೀಡಿದಳು.